ಬಾಡಿಗೆ ಆಕ್ಸಿಜನ್ ಮಿಷನ್ನು, ಏಳೂವರೆ ತಿಂಗಳು: ಅಪ್ಪ ಬಳಸಿದ್ದು, ನಾನು ಬರೆಯುತ್ತಿರುವುದು

ಆಕ್ಸಿಜನ್ ಕಾನ್ಸಂಟ್ರೇಟರ್ (ಮನೆಯಲ್ಲೇ ರೋಗಿಗೆ ಆಕ್ಸಿಜನ್ ಕೊಡುವ ಮಿಷನ್ನು) ಬಾಡಿಗೆಗೆ ತರೋದಾ, ಕೊಂಡುಕೊಳ್ಳೋದಾ ಅಂತ ಕಳೆದ ಜೂನ್‌ನಲ್ಲಿ ಒಂದು ರಾತ್ರಿಯೆಲ್ಲಾ ಫೋನ್ ಹಿಡಿದು ಕೂತಿದ್ದೆ. ಕನ್ನಡದಲ್ಲಿ ಸಿಕ್ಕಿದ್ದೆಲ್ಲ 2021ರ ಕೋವಿಡ್ ಸಮಯದ ಸುದ್ದಿ. ಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡರೆ ಹೇಗಿರುತ್ತೆ, ಕರೆಂಟ್ ಬಿಲ್ ಎಷ್ಟು ಬರುತ್ತೆ, ರಾತ್ರಿ ಸದ್ದಿಗೆ ನಿದ್ದೆ ಬರುತ್ತಾ, ಇದನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಮಿಷನ್ನು ಜನವರಿ ಕೊನೆಯಲ್ಲಿ ವಾಪಸ್ ಹೋಯಿತು. ಅಪ್ಪ ಅದಕ್ಕಿಂತ ಹನ್ನೆರಡು ದಿನ ಮುಂಚೆ ಹೋದರು. ಮಿಷನ್ನಿನ ಬಗ್ಗೆ ಬರೆಯೋಕೆ ಕೂತರೆ ಅಪ್ಪ ಮಧ್ಯೆ ಮಧ್ಯೆ ಬಂದೇ ಬರುತ್ತಾರೆ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮದು ತಿಪಟೂರು ಕಡೆಯ ಒಂದು ಸಣ್ಣ ಊರು. ಸುತ್ತ ತೆಂಗಿನ ತೋಟ, ಕೊಬ್ಬರಿ ವ್ಯವಹಾರ. ಅಪ್ಪನದು ಹಿಟ್ಟಿನ ಗಿರಣಿ. ನಮ್ಮ ಕಡೆ ಯಾರೂ ಗಿರಣಿ ಅನ್ನಲ್ಲ, ರಾಗಿ ಮಿಷನ್ನು ಅಂತಾರೆ. ಹಾಗಾಗಿ ಅಪ್ಪ ಊರಿಗೆಲ್ಲಾ ಮಿಷನ್ ಅಣ್ಣ, ಅಮ್ಮ ಮಿಷನ್ ಅಕ್ಕ, ನಾವು ಮಿಷನ್ ಮಕ್ಕಳು. ಆಕ್ಸಿಜನ್ನಿನ ಡಬ್ಬ ಮನೆಗೆ ಬಂದ ದಿನ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಮಿಷನ್ ಮನೆಗೆ ಇನ್ನೊಂದು ಮಿಷನ್ ಬಂತಲ್ಲಪ್ಪಾ" ಅಂದರು. ಅಪ್ಪನಿಗೆ ಅಷ್ಟು ಉಸಿರು ಕಟ್ಟುತ್ತಿದ್ದರೂ ನಕ್ಕರು. ನಕ್ಕಿದ್ದಕ್ಕೆ ಹತ್ತು ನಿಮಿಷ ಕೆಮ್ಮಿದರು.

ಕಾಯಿಲೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಡೋಕೆ ಕಷ್ಟವಾಗುವ, ವರ್ಷಗಟ್ಟಲೆ ಇರುವ ಶ್ವಾಸಕೋಶದ ಕಾಯಿಲೆ. ಮೂವತ್ತು ವರ್ಷದ ಬೀಡಿ, ನಲವತ್ತು ವರ್ಷದ ಹಿಟ್ಟಿನ ದೂಳು. ಡಾಕ್ಟರ್ ಬೀಡಿಯನ್ನೇ ಜಾಸ್ತಿ ಬೈದರು, ದೂಳೂ ಸೇರಿಕೊಂಡಿದೆ ಅಂದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು ಕಳಿಸುವಾಗ ಚೀಟಿಯಲ್ಲಿ ಬರೆದುಕೊಟ್ಟರು: ಮನೆಯಲ್ಲಿ ಆಕ್ಸಿಜನ್, ನಿಮಿಷಕ್ಕೆ ಎರಡು ಲೀಟರ್, ದಿನಕ್ಕೆ ಕನಿಷ್ಠ 15 ಗಂಟೆ.

ಅಣ್ಣ ಜಿಲ್ಲಾ ಕೇಂದ್ರದ ಒಂದು ಮೆಡಿಕಲ್ ಸಾಮಾನಿನ ಅಂಗಡಿಗೆ ಹೋದ. ನಿಮಿಷಕ್ಕೆ ಐದು ಲೀಟರಿನವರೆಗೆ ಆಕ್ಸಿಜನ್ ಕೊಡುವ ಮಿಷನ್ನು, ತಿಂಗಳಿಗೆ 4,500 ಬಾಡಿಗೆ, 10,000 ಅಡ್ವಾನ್ಸ್. ಹೊಸದು ಬೇಕಾದರೆ 48,000 ಅಂದರು. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ತಿಂಗಳಿಗೆ ಬೇಕು ಸಾರ್?"

ಅಣ್ಣ ಅಲ್ಲಿಂದಲೇ ನನಗೆ ಫೋನ್ ಮಾಡಿದ. ಏನು ಹೇಳಲಿ ಅಂದ. ನಾನೂ ಸುಮ್ಮನಾದೆ. ಲೆಕ್ಕ ಏನೋ ಸುಲಭ, ಹನ್ನೊಂದು ತಿಂಗಳಿಗಿಂತ ಜಾಸ್ತಿ ಬೇಕಾದರೆ ಕೊಳ್ಳೋದು ಲಾಭ, ಕಡಿಮೆಯಾದರೆ ಬಾಡಿಗೆ ಲಾಭ. ಮೂರನೇ ಕ್ಲಾಸಿನ ಭಾಗಾಕಾರ. ಆದರೆ ಆ ಭಾಗಾಕಾರ ಮಾಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಕೊನೆಗೆ ಅಪ್ಪನೇ ಹಾಸಿಗೆಯಿಂದ ಕೈ ಆಡಿಸಿದರು. "ಬಾಡಿಗೆದೇ ತಗೊಳ್ರೋ. ಹಳೇ ಮಿಷನ್ನು ಮಾರೋದು ಎಷ್ಟು ಕಷ್ಟ ಅಂತ ನಂಗೊತ್ತು." ಹಳೇ ಆಯಿಲ್ ಎಂಜಿನ್ನನ್ನು ಎರಡು ವರ್ಷ ಗಿರಾಕಿ ಸಿಗದೆ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದು ನೆನಪಿತ್ತು ಅನ್ನಿಸುತ್ತೆ. ಅಥವಾ ಬೇರೆ ಏನಾದರೂ ಗೊತ್ತಿತ್ತೋ, ಕೇಳಲಿಲ್ಲ.

ಮಿಷನ್ನು ನೋಡೋಕೆ ಸಣ್ಣ ಸೂಟ್‌ಕೇಸ್ ಇದ್ದಂಗೆ, ಕೆಳಗೆ ನಾಲ್ಕು ಗಾಲಿ, ಸುಮಾರು 14 ಕೆಜಿ. ಬಾಡಿಗೆಗೆ ಸುತ್ತಿ ಸುತ್ತಿ ಕಂಪನಿಯ ಸ್ಟಿಕ್ಕರ್ ಕಿತ್ತುಹೋಗಿತ್ತು. ಮುಂದೆ ಒಂದು ಗಾಜಿನ ಕೊಳವೆ, ಅದರೊಳಗೆ ಏರಿ ಇಳಿಯುವ ಸಣ್ಣ ಗುಂಡು, ನಿಮಿಷಕ್ಕೆ ಎಷ್ಟು ಲೀಟರ್ ಬರಬೇಕು ಅಂತ ಅದನ್ನು ಹೊಂದಿಸುವ ತಿರುಪು. ಪಕ್ಕದಲ್ಲಿ ನೀರಿನ ಬಾಟಲಿ. ಸಿಲಿಂಡರಿನ ಥರ ಇದರೊಳಗೆ ಆಕ್ಸಿಜನ್ ತುಂಬಿರಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ಚಿಕ್ಕಪ್ಪ ಮೂರು ತಿಂಗಳವರೆಗೂ "ಖಾಲಿಯಾದ್ರೆ ಎಲ್ಲಿ ತುಂಬಿಸ್ತೀರಾ" ಅಂತ ಕೇಳುತ್ತಲೇ ಇದ್ದರು. ಇದು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತೆ. ಗಾಳಿಯಲ್ಲಿ ನೂರಕ್ಕೆ ನೈಟ್ರೋಜನ್ 78 ಭಾಗ, ಆಕ್ಸಿಜನ್ 21 ಭಾಗ. ಒಳಗಿರುವ ಎರಡು ಕೊಳವೆಗಳಲ್ಲಿ ಜಿಯೋಲೈಟ್ ಅನ್ನುವ ಹರಳುಹರಳಾದ ಪದಾರ್ಥ ಇರುತ್ತೆ. ಒತ್ತಡ ಹಾಕಿ ಗಾಳಿ ಬಿಟ್ಟರೆ ನೈಟ್ರೋಜನ್ ಅದಕ್ಕೆ ಅಂಟಿಕೊಳ್ಳುತ್ತೆ, ಆಕ್ಸಿಜನ್ ದಾಟಿ ಬರುತ್ತೆ. ಒಂದು ಕೊಳವೆ ತುಂಬಿತು ಅನ್ನುವಾಗ ಇನ್ನೊಂದು ಶುರು, ಮೊದಲನೆಯದು ನೈಟ್ರೋಜನ್ನನ್ನು ಟುಸ್ ಅಂತ ಹೊರಗೆ ಬಿಡುತ್ತೆ. ಕೆಲವು ಸೆಕೆಂಡಿಗೊಮ್ಮೆ ಹೀಗೇ ಅದಲು ಬದಲು. ಮೂಗಿಗೆ ಬರೋದು ಸುಮಾರು 93 ಭಾಗ ಆಕ್ಸಿಜನ್.

ಅಂಗಡಿಯ ಹುಡುಗ ಇದನ್ನೆಲ್ಲ ಇಂಗ್ಲಿಷ್ ಬೆರೆಸಿ ಗಡಿಬಿಡಿಯಲ್ಲಿ ಹೇಳಿದ. ನಾನು ಡಿಗ್ರಿ ಓದಿದವಳು, ನನಗೆ ಅರ್ಧ ತಲೆಗೆ ಹೋಗಲಿಲ್ಲ. ಏಳನೇ ಕ್ಲಾಸಿಗೆ ಬಿಟ್ಟ ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡು, "ಗಾಳೀನ ಜರಡಿ ಹಿಡಿಯುತ್ತೆ ಅನ್ನು. ಬೂಸಾ ಆಚೆ, ಹಿಟ್ಟು ನಂಗೆ" ಅಂದರು. ಹುಡುಗ ಒಂದು ಗಳಿಗೆ ಅವರನ್ನೇ ನೋಡಿದ. "ಹೌದು ಯಜಮಾನ್ರೇ, ಅಷ್ಟೇ" ಅಂದ.

ಸದ್ದಿನ ಬಗ್ಗೆ. ಸದ್ದು ಇದೆ, ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೇ ಫ್ರಿಜ್ ಒಂದು ತಲೆ ಹತ್ತಿರ ಇಟ್ಟುಕೊಂಡು ಮಲಗಿದಂತೆ, ಅದರ ಮೇಲೆ ಈ ಟುಸ್ ಬೇರೆ. ಮೊದಲ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಅಪ್ಪನನ್ನು ಬಿಟ್ಟು. ಅವರು ಹತ್ತು ಎಚ್‌ಪಿ ಮೋಟರಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ ಮನುಷ್ಯ. ಕಲ್ಲು ಬರಿದಾಗುವ ಹೊತ್ತಿಗೆ ಸದ್ದು ಬದಲಾಗುತ್ತೆ ನೋಡಿ, ಆವಾಗ ತಾನಾಗೇ ಎಚ್ಚರ. ಉದ್ದನೆಯ ಟ್ಯೂಬು ತಂದರೆ ಮಿಷನ್ನನ್ನು ಬೇರೆ ಕೋಣೆಯಲ್ಲಿ ಇಡಬಹುದು, ನಾವು ಹತ್ತು ಮೀಟರಿನದು ತಂದೆವು. ಅಂಗಡಿಯವರು ಇದನ್ನು ತಾವಾಗಿ ಹೇಳಲ್ಲ, ಕೇಳಿ ತಗೊಳ್ಳಿ. ಎರಡು ಮೀಟರಿನ ಟ್ಯೂಬ್ ಕೊಟ್ಟು ಕಳಿಸಿದರೆ ಮನುಷ್ಯನನ್ನು ಗೂಟಕ್ಕೆ ಕಟ್ಟಿದ ಹಾಗೆ.

ಹತ್ತು ಮೀಟರಿನಲ್ಲಿ ಅಪ್ಪ ಬಚ್ಚಲಿಗೆ ಹೋಗಿ ಬರುತ್ತಿದ್ದರು, ಜಗಲಿಯಲ್ಲಿ ಕೂರುತ್ತಿದ್ದರು. ಅಡುಗೆಮನೆಗೆ ಟ್ಯೂಬು ತಲುಪುತ್ತಿರಲಿಲ್ಲ, ತಲುಪಿದ್ದರೂ ಬಿಡುತ್ತಿರಲಿಲ್ಲ. ಆಕ್ಸಿಜನ್ ಇರುವ ಕಡೆ ಬೆಂಕಿ ಬಲು ಬೇಗ ಹತ್ತಿಕೊಳ್ಳುತ್ತೆ, ಒಲೆ, ದೀಪ, ಊದಿನಕಡ್ಡಿ ಎಲ್ಲ ಹತ್ತು ಅಡಿ ದೂರ ಇರಬೇಕು ಅಂದಿದ್ದರು. ದೇವರ ಗೂಡು ಅಪ್ಪನ ಮಂಚದ ತಲೆಯ ಕಡೆಯೇ ಇತ್ತು. ಅಮ್ಮ ಎರಡು ದಿನ ಯೋಚನೆ ಮಾಡಿ ದೇವರನ್ನು ಹಿತ್ತಲ ಕೋಣೆಗೆ ಸಾಗಿಸಿದರು. ಮಂಚವನ್ನು ಯಾಕೆ ಸರಿಸಲಿಲ್ಲ ಅಂದರೆ ಆ ಜಾಗದಿಂದ ಗೋಡೆಯಾಚೆಯ ಗಿರಣಿ ಅಪ್ಪನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಗಿರಣಿ ಈಗ ಅಣ್ಣ ನಡೆಸುತ್ತಾನೆ. ಅಪ್ಪ ಮಂಚದ ಮೇಲೆ, ಮೂಗಿಗೆ ಟ್ಯೂಬು, ಕೈಯಲ್ಲಿ ಒಂದು ಸ್ಟೀಲ್ ಚಮಚ. ಕೂಗೋಕೆ ಉಸಿರಿಲ್ಲವಲ್ಲ. ಅಣ್ಣ ಗಿರಾಕಿ ಹತ್ತಿರ ಮಾತಿಗೆ ನಿಂತು ಮೇಲಿನ ಡಬ್ಬ ಖಾಲಿಯಾಗಿ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಬಂತೋ, ಇಲ್ಲಿ ಟಣ್ ಟಣ್ ಅಂತ ಲೋಟಕ್ಕೆ ಬಾರಿಸುತ್ತಿದ್ದರು. ಮೂರು ಸಲ ಬಾರಿಸಿದರೆ ಬೆಲ್ಟು ಜಾರುತ್ತಿದೆ ಅಂತ. ಇದನ್ನು ಯಾರೂ ಮಾತಾಡಿಕೊಂಡು ಇಟ್ಟುಕೊಂಡಿದ್ದಲ್ಲ, ಜುಲೈ ಹೊತ್ತಿಗೆ ತಾನಾಗೇ ಒಂದು ಭಾಷೆ ಆಗಿತ್ತು. ನಾನು ಶನಿವಾರ ಭಾನುವಾರ ತುಮಕೂರಿನಿಂದ ಹೋದಾಗ ಇಬ್ಬರೂ ಹೀಗೆ ಗೋಡೆಯ ಎರಡು ಕಡೆಯಿಂದ ಜಗಳ ಆಡುತ್ತಿದ್ದುದನ್ನು ನೋಡುತ್ತಿದ್ದೆ. ಅಣ್ಣ ಸಿಟ್ಟು ಬಂದರೆ ಗೋಡೆಗೆ ಗುದ್ದುತ್ತಿದ್ದ.

ಗಿರಣಿ ಪಕ್ಕದಲ್ಲೇ ಇದ್ದಿದ್ದರಿಂದ ಒಂದು ತೊಂದರೆ. ಮಿಷನ್ನಿನ ಹಿಂದೆ ಸ್ಪಂಜಿನ ಫಿಲ್ಟರ್ ಇರುತ್ತೆ, ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ ಅಂತಾರೆ. ನಮ್ಮ ಮನೆಯಲ್ಲಿ ಎರಡು ದಿನಕ್ಕೇ ತುಂಬುತ್ತಿತ್ತು. ಅಮ್ಮ ಬಕೆಟ್ಟಿನಲ್ಲಿ ಅದ್ದಿ ಹಿಂಡಿದರೆ ನೀರು ರಾಗಿ ಅಂಬಲಿಯ ಬಣ್ಣ. ಒಂದು ದಿನ ಹಿಂಡುತ್ತಾ, "ನಿಮ್ಮ ಎದೆಗೂಡನ್ನೂ ಹಿಂಗೇ ತೆಗೆದು ತೊಳೆದು ಹಾಕೋ ಹಂಗಿದ್ದಿದ್ರೆ" ಅಂದರು. ಅಪ್ಪ, "ತೊಳೆದಿರೋದು ಸಾಕು ಬಿಡೆ, ಎಷ್ಟು ವರ್ಷದ ಅಂಗಿ ತೊಳೆದಿದ್ದೀಯ" ಅಂದರು. ದೂಳು ಇರುವ ಮನೆಯವರು, ರಸ್ತೆ ಪಕ್ಕದವರು ಇನ್ನೊಂದು ಫಿಲ್ಟರ್ ಎಕ್ಸ್‌ಟ್ರಾ ತಂದಿಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಹಾಕಬಹುದು. ಗೋಡೆಗೆ ಒತ್ತಿ ಇಡಬೇಡಿ, ಒಂದಡಿ ಜಾಗ ಬಿಡಿ.

ಅಂಗಿ ಅಂದಿದ್ದಕ್ಕೆ ನೆನಪಾಯಿತು. ಅಪ್ಪ ರಾತ್ರಿ ಮನೆಗೆ ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಗುರುವಾರ ಮಾತ್ರ ಕೆಂಪು, ಅವತ್ತು ಖಾರದ ಪುಡಿ ದಿನ. ಗುರುವಾರ ನಾವು ಮಕ್ಕಳು ಹತ್ತಿರ ಹೋಗುತ್ತಿರಲಿಲ್ಲ, ಸೀನು. ಆಸ್ಪತ್ರೆಯಲ್ಲಿ ನರ್ಸ್ ತಲೆ ಒರೆಸಿ ಬಾಚಿದಾಗಲೂ ಕೂದಲು ಬೆಳ್ಳಗೇ ಇತ್ತು. ಅದು ಯಾವಾಗ ನಿಜವಾಗಿ ನರೆಯಿತೋ ನಮಗೆ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲವಂತೆ.

ಈಗ ಕರೆಂಟು. ನಮ್ಮ ಮಿಷನ್ನು ಸುಮಾರು 350 ವಾಟ್ ಎಳೆಯುತ್ತಿತ್ತು. ದಿನಕ್ಕೆ 17 ಗಂಟೆ ಓಡಿಸಿದರೆ ಆರು ಯೂನಿಟ್, ತಿಂಗಳಿಗೆ 180. ಮನೆಯ ಉಳಿದ ಖರ್ಚು 70 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಹಾಗಾಗಿ ಅಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಒಂದೇ ಸಲಕ್ಕೆ ಎರಡು ಸಾವಿರದ ಹತ್ತಿರ ಬಂತು. ಬಾಡಿಗೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ. ಅಪ್ಪನಿಗೆ ಬಿಲ್ ಮುಚ್ಚಿಟ್ಟಿದ್ದೆವು, ಆದರೆ ಮೀಟರ್ ಓದುವುದು ಅವರ ನಲವತ್ತು ವರ್ಷದ ಅಭ್ಯಾಸ. ಜಗಲಿಯಲ್ಲಿ ಕೂತೇ ಓದಿದ್ದಾರೆ. ಆಮೇಲೆ ಎರಡು ದಿನ ಮಧ್ಯಾಹ್ನ ಯಾರೂ ಇಲ್ಲದಾಗ ತಾವೇ ಸ್ವಿಚ್ ಆಫ್ ಮಾಡಿಕೊಂಡು ಕೂತಿದ್ದರು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋಕೆ ಬೆರಳಿಗೆ ಹಾಕುವ ಆಕ್ಸಿಮೀಟರ್ 79 ತೋರಿಸಿತು. ಅಮ್ಮ ಅವತ್ತು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಕರೆಂಟ್ ಹೋದರೆ ಮಿಷನ್ನು ಕಿರುಚಿಕೊಂಡು ನಿಂತುಬಿಡುತ್ತೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಹಾಕಿಸಿದೆವು, ಫ್ಯಾನು ಟಿವಿ ಎಲ್ಲ ಆಫ್ ಮಾಡಿ ಬರೀ ಇದನ್ನು ಓಡಿಸಿದರೆ ಮೂರು ಗಂಟೆ ಬರುತ್ತಿತ್ತು. ಅದಕ್ಕೂ ಮೀರಿದರೆ ಇರಲಿ ಅಂತ ಒಂದು ಬಿ ಟೈಪ್ ಸಿಲಿಂಡರ್. ಅದರಲ್ಲಿ 1,500 ಲೀಟರ್ ಹಿಡಿಯುತ್ತೆ, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ. ಎರಡೇ ಸಲ ಬಳಸಿದ್ದು. ಆದರೂ ಅದು ಮೂಲೆಯಲ್ಲಿ ನಿಂತಿದೆ ಅನ್ನೋದೇ ಅಮ್ಮನಿಗೆ ನಿದ್ದೆ ಬರೋಕೆ ಸಾಕಾಗುತ್ತಿತ್ತು. ಸಿಲಿಂಡರ್ ಇಲ್ಲದೆ ಬರೀ ಕಾನ್ಸಂಟ್ರೇಟರ್ ಮನೆಗೆ ತರಬೇಡಿ, ನಮ್ಮಂಥ ಊರಿನವರಂತೂ ತರಲೇಬೇಡಿ.

ಅಂಗಡಿಯ ಬಗ್ಗೆ ಒಂದು ದೂರು ಇದೆ, ಹೆಸರು ಬೇಡ. ಮೊದಲು ಕಳಿಸಿದ ಮಿಷನ್ನಿನಲ್ಲಿ ಎರಡನೇ ದಿನವೇ ಹಳದಿ ಲೈಟು ಬಂತು. ಹಸಿರು ಅಂದರೆ ಸರಿ, ಆಕ್ಸಿಜನ್ 82 ಭಾಗಕ್ಕಿಂತ ಕೆಳಗೆ ಇಳಿದರೆ ಹಳದಿ. ಫೋನ್ ಮಾಡಿದರೆ "ಹಂಗೇ ಬರುತ್ತೆ ಮೇಡಂ, ಏನಾಗಲ್ಲ" ಅಂದರು. ಏನಾಗಲ್ಲ ಅಂತ ಮೂರು ದಿನ ಎಳೆದರು. ಅಷ್ಟರಲ್ಲಿ ಅಪ್ಪ ಮಲಗಿದಲ್ಲೇ ಕಿವಿ ಕೊಟ್ಟು, "ಟುಸ್ ಅನ್ನೋದು ಒಂದು ಸಲ ಜೋರು, ಒಂದು ಸಲ ಮೆತ್ತಗೆ ಬರ್ತಿದೆ. ಎರಡು ಜರಡಿಲಿ ಒಂದು ಹೋಗಿದೆ" ಅಂತ ತೀರ್ಪು ಕೊಟ್ಟರು. ಕೊನೆಗೆ ಬಂದ ಮೆಕ್ಯಾನಿಕ್ ತೆಗೆದು ನೋಡಿ, ತೇವ ಹೋಗಿ ಒಂದು ಕಡೆಯ ಜಿಯೋಲೈಟ್ ಹಾಳಾಗಿದೆ ಅಂದ. ಅದರ ಗಂಟೆ ಮೀಟರ್ ಆಗಲೇ 19,000 ದಾಟಿತ್ತು. ಮಿಷನ್ನಿನ ಮೈಮೇಲೆ ಎಲ್ಲಾದರೂ ಒಂದು ಸಣ್ಣ ಮೀಟರ್ ಇರುತ್ತೆ, ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತೆ. ಸ್ಕೂಟರ್ ಕೊಳ್ಳುವಾಗ ನೋಡಲ್ವಾ, ಹಾಗೇ ನೋಡಿ ತಗೊಳ್ಳಿ. ಬದಲಿಗೆ ಕೊಟ್ಟ ಮಿಷನ್ನು 4,112 ಗಂಟೆ ಓಡಿತ್ತು. ಅದು ಕೊನೆಯವರೆಗೂ ಒಂದು ದಿನ ಕೈಕೊಡಲಿಲ್ಲ.

ಇನ್ನೊಂದು ತಪ್ಪು, ಅದು ನಮ್ಮದೇ. ಕೋವಿಡ್ ಸಮಯದಲ್ಲಿ ಎಲ್ಲರ ತಲೆಯಲ್ಲೂ 95ಕ್ಕಿಂತ ಕೆಳಗೆ ಹೋದರೆ ಅಪಾಯ ಅಂತ ಕೂತುಬಿಟ್ಟಿದೆ. ಅಪ್ಪನಿಗೆ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರ್ ಹೇಳಿದ್ದರು. ನನಗೆ ಮನಸ್ಸು ಕೇಳಲಿಲ್ಲ. ಒಂದು ರಾತ್ರಿ 87 ತೋರಿಸಿತು ಅಂತ ತಿರುಪನ್ನು ನಾಲ್ಕಕ್ಕೆ ಏರಿಸಿ ಮಲಗಿದೆ. 97 ಬಂತು, ಖುಷಿಯಾಯಿತು. ಬೆಳಿಗ್ಗೆ ನಾವು ಎಬ್ಬಿಸಿದರೂ ಅಪ್ಪ ಏಳಲಿಲ್ಲ. ಎದ್ದ ಮೇಲೂ ಮಂಪರು, ತಲೆನೋವು, ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ಸಿಒಪಿಡಿ ಇದ್ದವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ಒಳಗೆ ಇಂಗಾಲದ ಡೈಆಕ್ಸೈಡ್ ನಿಂತುಬಿಡುತ್ತಂತೆ. ಆಸ್ಪತ್ರೆಗೆ ಓಡಿದೆವು, ಎರಡು ದಿನದಲ್ಲಿ ಸರಿಹೋದರು. ಡಾಕ್ಟರ್ ಬೈದಿದ್ದು ಸರಿಯಾಗಿಯೇ ಬೈದರು. ತಿರುಪಿನ ಮೇಲೆ ಅಣ್ಣ ಟೇಪ್ ಅಂಟಿಸಿದ. ಅಪ್ಪ ಮಾತ್ರ ಎಲ್ಲರೆದುರು, "ಅವಳೇನು ಮಾಡ್ತಾಳೆ, ನುಣ್ಣಗೆ ಬೀಸೋಣ ಅಂತ ಕಲ್ಲು ಬಿಗಿ ಮಾಡಿದ್ಲು. ಹಿಟ್ಟು ಸೀದೋಯ್ತು ಅಷ್ಟೇ" ಅಂದರು. ಹೊಸ ಕಲ್ಲಲ್ಲಿ ಹುಡುಗರು ಮಾಡುವ ತಪ್ಪು ಅದು. ಕಲ್ಲನ್ನು ಅತಿಯಾಗಿ ಬಿಗಿಮಾಡಿದರೆ ಹಿಟ್ಟು ಬಿಸಿಯಾಗಿ ಕಮಟು ವಾಸನೆ ಬರುತ್ತೆ. ಅಪ್ಪ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಒಂದು ಸಲ ಉಜ್ಜಿದರೆ ಸಾಕು, ತಿರುಪನ್ನು ಎಷ್ಟು ಸಡಿಲಿಸಬೇಕು ಅಂತ ಗೊತ್ತಾಗುತ್ತಿತ್ತು. ನನಗೆ ಆಕ್ಸಿಮೀಟರ್ ಕೈಯಲ್ಲಿದ್ದೂ ಗೊತ್ತಾಗಲಿಲ್ಲ.

ಸಣ್ಣಪುಟ್ಟದ್ದು: ಮೂಗಿನ ಟ್ಯೂಬು ಕಿವಿಯ ಹಿಂದೆ ಉಜ್ಜಿ ಗಾಯ ಆಗುತ್ತೆ, ಹಳೇ ಕಾಟನ್ ಸೀರೆಯ ಚೂರು ಸುತ್ತಿ. ಬಾಟಲಿಗೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರೇ ಹಾಕಿ, ದಿನಾ ಬದಲಿಸಿ. ಮೂಗು ಒಣಗಿದರೆ ವ್ಯಾಸಲೀನ್ ಹಚ್ಚಬೇಡಿ ಅಂದಿದ್ದರು, ನೀರಿನಂಶ ಇರುವ ಜೆಲ್ ಬರೆದುಕೊಟ್ಟಿದ್ದರು.

ಗೌರಿ ಹಬ್ಬದ ವಾರ ಚಕ್ಕುಲಿ ಹಿಟ್ಟಿಗೆ ಸಾಲು ಹತ್ತಿತು. ಅಕ್ಕಿಗೆ ಉದ್ದು ಎಷ್ಟು ಹುರಿದು ಹಾಕಿದ್ದಾರೆ ಅಂತ ಡಬ್ಬಕ್ಕೆ ಕೈಯಿಟ್ಟೇ ಹೇಳುತ್ತಿದ್ದ ಮನುಷ್ಯ, ಬಂದ ಹೆಂಗಸರೆಲ್ಲ ಡಬ್ಬ ಹಿಡಿದುಕೊಂಡು ಮೊದಲು ಒಳಗೆ ಮಂಚದ ಹತ್ತಿರ ಬಂದು, "ಮಿಷನ್ ಅಣ್ಣ, ಸರಿಯಾಗೈತಾ ನೋಡಿ" ಅಂತ ತೋರಿಸಿ ಆಮೇಲೆ ಗಿರಣಿಗೆ ಹೋದರು. ಅವತ್ತು ಸಂಜೆ ಹೊತ್ತಿಗೆ ಅಪ್ಪನ ಕೈಯೆಲ್ಲಾ ಹುರಿದ ಉದ್ದಿನ ವಾಸನೆ. ಆಕ್ಸಿಮೀಟರ್ 91. ಆ ಏಳೂವರೆ ತಿಂಗಳಲ್ಲಿ ಅದು ಅವರ ಒಳ್ಳೆಯ ದಿನ. ಕಾಸಿಲ್ಲದವರ ಹಿಟ್ಟನ್ನು "ಆಮೇಲೆ ಕೊಡು" ಅಂತ ಬೀಸಿಕೊಟ್ಟು ಬರೆದಿಡದೇ ಹೋದ ಲೆಕ್ಕದ ಬಗ್ಗೆ ಅಮ್ಮ ಜೀವನಪೂರ್ತಿ ಗೊಣಗುತ್ತಿದ್ದರು. ತಿಥಿಯ ದಿನ ಹತ್ತಾರು ಜನ ಅಮ್ಮನ ಕೈಗೆ ಮಡಿಸಿದ ನೋಟು ಇಟ್ಟು, ಇದು ಅಣ್ಣನಿಗೆ ಕೊಡಬೇಕಾಗಿದ್ದು ಅಂತ ಹೇಳಿ ಹೋದರು. ಅಮ್ಮ ಈಗ ಗೊಣಗಲ್ಲ.

ಕೊನೆಯ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ಬಾಯಿಗೆ ಹಾಕಿಸಿಕೊಂಡರು. ಎರಡು ದಿನಕ್ಕೆ ಎದೆಗೆ ಸೋಂಕು. ಆಸ್ಪತ್ರೆ ಬೇಡ ಅಂದರು, ಡಾಕ್ಟರೂ ಒತ್ತಾಯ ಮಾಡಲಿಲ್ಲ. ನಸುಕಿನಲ್ಲಿ ಮಿಷನ್ನು ಓಡುತ್ತಲೇ ಇತ್ತು, ಅಮ್ಮ ಎದ್ದು ನೋಡಿದಾಗ ಟ್ಯೂಬಿನಲ್ಲಿ ಗಾಳಿ ಬರುತ್ತಿತ್ತು. ಅಣ್ಣ ಬಂದು ಸ್ವಿಚ್ ಆಫ್ ಮಾಡಿದ.

ಕರ್ಮ ಎಲ್ಲ ಮುಗಿದ ಮಾರನೇ ದಿನ ಅಂಗಡಿಯ ಹುಡುಗ ಬಂದ, ಮೊದಲ ದಿನ ಬಂದವನೇ. ಚಾಲೂ ಮಾಡಿ ಹಸಿರು ಲೈಟು ನೋಡಿದ, ಮೀಟರ್ ಬರೆದುಕೊಂಡ: 7,903. ಅಂದರೆ ನಮ್ಮ ಮನೆಯಲ್ಲಿ ಓಡಿದ್ದು 3,791 ಗಂಟೆ. ಫಿಲ್ಟರಿಗೆ 400 ಹಿಡಿದುಕೊಂಡು 9,600 ವಾಪಸ್ ಕೊಟ್ಟ. ಆ ವಿಷಯದಲ್ಲಿ ನಿಯತ್ತಿನ ಜನ, ಕೊನೆಯ ತಿಂಗಳ ಬಾಡಿಗೆಯಲ್ಲೂ ಹತ್ತು ದಿನದ್ದು ಬಿಟ್ಟರು. ಬಾಡಿಗೆ, ಕರೆಂಟು, ಸಿಲಿಂಡರ್, ಇನ್ವರ್ಟರ್ ಎಲ್ಲ ಸೇರಿ ನಮಗೆ ಎಪ್ಪತ್ತೈದು ಸಾವಿರದ ಹತ್ತಿರ ಆಯಿತು. ಮಿಷನ್ನಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಸದ್ದಿಗೆ. ಅಂಗಡಿಗೆ ಮೂರು, ಮೊದಲ ಮೂರು ದಿನ ಮರೆಯೋಕೆ ಆಗಲ್ಲ.

ಮಿಷನ್ನು ಗಾಡಿಗೆ ಹಾಕುವಾಗ ಹುಡುಗ ಹತ್ತು ಮೀಟರ್ ಟ್ಯೂಬನ್ನು ಸುತ್ತಿ ಅಮ್ಮನ ಕೈಗೆ ಕೊಟ್ಟ. "ಇದು ಬೇರೆಯವರಿಗೆ ಕೊಡಂಗಿಲ್ಲಮ್ಮ, ಬಿಸಾಕಿಬಿಡಿ." ಅಮ್ಮ ಯಾವುದನ್ನು ಬಿಸಾಕಿದ್ದಾರೆ! ಹೋದ ಭಾನುವಾರ ಹೋದಾಗ ನೋಡಿದೆ, ಹಿತ್ತಲಲ್ಲಿ ತೊಂಡೆ ಚಪ್ಪರ ಜೋತುಬಿದ್ದಿತ್ತಲ್ಲ, ಅದನ್ನು ಎತ್ತಿ ಆ ಟ್ಯೂಬಿನಲ್ಲೇ ಬಿಗಿಯಾಗಿ ಕಟ್ಟಿದ್ದಾರೆ.